ವಯಸ್ಸಾದ ಕುದುರೆ ಗಬ್ಬ ನಿಲ್ಲುತ್ತಿಲ್ಲವೇ? ಗಂಡು ಬದಲಿಸುವ ಮುನ್ನ ಇದನ್ನು ಓದಿ

ಪ್ರತಿ ಬೇಸಿಗೆ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ. ಈ ಸಲ ಬಂದ ಕುರಿಗಾರರ ಜೊತೆ ಸಾಮಾನು ಹೊರುವ 18 ವರ್ಷದ ಹೆಣ್ಣು ಕುದುರೆ ಇತ್ತು. "ಎರಡು ವರ್ಷ ಆತ್ರಿ, ಗಂಡು ಬಿಟ್ರೂ ಗಬ್ಬ ನಿಂತಿಲ್ಲ. ಬ್ಯಾರೆ ಗಂಡು ನೋಡೂಣೇನ್ರಿ?" ಅಂತ ಹಿರಿಯರು ಕೇಳಿದರು. ನಾನು ಓದಿದ್ದು ತೋಟಗಾರಿಕೆ. ಹಾಗಾಗಿ ಪಶುವೈದ್ಯರನ್ನು ಕರೆಸಿದೆ. ಅವರಿಂದ ತಿಳಿದದ್ದು ಇಷ್ಟು.

ಅಂಡಾಣುವಿಗೂ ವಯಸ್ಸಾಗುತ್ತೆ
ಕುದುರೆ ತನ್ನ ಅಂಡಾಣುಗಳನ್ನೆಲ್ಲ ಹುಟ್ಟುವಾಗಲೇ ಹೊತ್ತು ತರುತ್ತದೆ. 18 ವರ್ಷದ ಕುದುರೆಯ ಅಂಡಾಣುವಿಗೂ 18 ವರ್ಷವೇ. ಸುಮಾರು 15 ದಾಟಿದ ಮೇಲೆ ಗಬ್ಬ ನಿಲ್ಲೋದು ಕಡಿಮೆಯಾಗುತ್ತೆ, ನಿಂತರೂ ಮೊದಲ ವಾರಗಳಲ್ಲೇ ಕರಗಿಹೋಗುವುದು ಹೆಚ್ಚು.

ಗರ್ಭಕೋಶ ಜೋತುಬೀಳುತ್ತೆ
ಹಲವು ಮರಿ ಹಾಕಿದ ಗರ್ಭಕೋಶ ಸಡಿಲಾಗಿ ಮುಂದಕ್ಕೆ, ಕೆಳಕ್ಕೆ ಇಳಿಯುತ್ತದೆ. ಗಂಡು ಬಿಟ್ಟ ಮೇಲೆ ಒಳಗೆ ಸ್ವಲ್ಪ ಉರಿಯೂತ, ನೀರು ಬರೋದು ಸಹಜ. ಎಳೆ ಕುದುರೆ ಅದನ್ನು ಒಂದೆರಡು ದಿನದಲ್ಲಿ ಹೊರಹಾಕುತ್ತದೆ. ಹಳೇ ಕುದುರೆಯಲ್ಲಿ ನೀರು ಅಲ್ಲೇ ನಿಂತು ಸೋಂಕಾಗುತ್ತೆ. ವರ್ಷ ಕಳೆದಂತೆ ಒಳಪದರದಲ್ಲಿ ನಾರು ಬೆಳೆದು ಭ್ರೂಣಕ್ಕೆ ಪೋಷಣೆ ಸಾಲದು.

ಬಾಲ ಎತ್ತಿ ನೋಡಿ
ಮೈ ಇಳಿದಂತೆ ಗುದ ಒಳಕ್ಕೆ ಸರಿಯುತ್ತದೆ, ಅದರ ಕೆಳಗಿನ ಯೋನಿ ತುಟಿ ವಾಲುತ್ತದೆ. ಆಗ ಲದ್ದಿ ಅದರ ಮೇಲೇ ಬೀಳುತ್ತೆ, ಗಾಳಿಯೂ ಒಳನುಗ್ಗುತ್ತೆ. ಇದನ್ನು ನೀವೇ ಗುರುತಿಸಬಹುದು. ವೈದ್ಯರು ತುಟಿಯ ಮೇಲ್ಭಾಗಕ್ಕೆ ಹೊಲಿಗೆ ಹಾಕುತ್ತಾರೆ. ಮರಿ ಹಾಕುವ ಮುನ್ನ ಅದನ್ನು ಬಿಡಿಸಲೇಬೇಕು, ಮರೆತರೆ ಹರಿದುಹೋಗುತ್ತೆ.

ಒಂದೂ ಮರಿ ಹಾಕದ ಹಳೇ ಕುದುರೆಯ ಕಷ್ಟ ಬೇರೆ: ಗರ್ಭಕೋಶದ ಬಾಯಿ ಸರಿಯಾಗಿ ಸಡಿಲಾಗದೆ ನೀರು ಹೊರಬರಲ್ಲ.

ಏನು ಮಾಡಬೇಕು?
• ಗಂಡು ಬಿಡುವ ಮೊದಲೇ ಸ್ಕ್ಯಾನಿಂಗ್, ಗರ್ಭಕೋಶದ ಪರೀಕ್ಷೆ ಮಾಡಿಸಿ.
• ನೀರು ನಿಂತಿದ್ದರೆ ವೈದ್ಯರು ತೊಳೆದು, ಇಂಜೆಕ್ಷನ್ ಕೊಡುತ್ತಾರೆ. ನೀವೇ ಔಷಧಿ ಹಾಕಬೇಡಿ.
• ಗಂಡು ಬಿಟ್ಟ ಸುಮಾರು 15 ದಿನಕ್ಕೆ ಸ್ಕ್ಯಾನ್ ಮಾಡಿಸಿ. ಗಬ್ಬ ನಿಂತಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ.
• ಮೈ ಬಡಕಲಾಗದಂತೆ ಮೇವು ಕೊಡಿ.

ಇನ್ನೊಂದು ಮಾತು. ಹಲವು ಮರಿ ಹಾಕಿದ ಹಳೇ ಕುದುರೆಗೆ ಹೆರಿಗೆ ಹೊತ್ತಲ್ಲಿ ಗರ್ಭಕೋಶದ ರಕ್ತನಾಳ ಒಡೆದು ಜೀವಕ್ಕೇ ಅಪಾಯವಾಗಬಹುದು. ಇದನ್ನು ಕೇಳಿ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಕಿ ಸಾಕಷ್ಟು ಕೊಟ್ಟಾಳ್ರಿ. ಇನ್ನ ಇಕಿ ಮಗಳಿಗೆ ಗಂಡು ಬಿಡ್ತೀವಿ" ಅಂದರು. ಆ ಮಗಳಿಗೆ ಏಳು ವರ್ಷ. ಪರೀಕ್ಷೆಯನ್ನು ಮಾತ್ರ ಅದಕ್ಕೂ ಮೊದಲೇ ಮಾಡಿಸಿದೆವು.