ಒಂದು ತೆನೆಯಲ್ಲಿ ಆರುನೂರು ಕಾಳು

ಮೆಕ್ಕೆಜೋಳದ ಒಕ್ಕಣೆ ಶುರುವಾಯಿತೆಂದರೆ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸುತ್ತಲಿನ ಹೊಲ, ಕಣ, ರಸ್ತೆ ಬದಿ ಎಲ್ಲೆಲ್ಲೂ ಅದೇ ಸದ್ದು. ಮುಂದೆ ಟ್ರ್ಯಾಕ್ಟರ್, ಹಿಂದೆ ಕಾಳು ಬಿಡಿಸುವ ಮಿಷನ್, ಎರಡರ ನಡುವೆ ತಿರುಗುವ ಒಂದು ಕಬ್ಬಿಣದ ಶಾಫ್ಟ್. ಅದನ್ನು ಪಿಟಿಒ ಎನ್ನುತ್ತಾರೆ. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು.

ಈ ಅಂಕಿಯನ್ನು ಹೀಗೆ ಬರಿದೇ ಹೇಳಿದರೆ ಯಾರೂ ಬೆಚ್ಚುವುದಿಲ್ಲ. ಅದನ್ನು ಬಟ್ಟೆಯ ಲೆಕ್ಕಕ್ಕೆ ತಂದು ನೋಡಿ. ಶಾಫ್ಟ್ ಏಳು ಸೆಂಟಿಮೀಟರ್ ದಪ್ಪವಿದ್ದರೆ ಒಂದು ಸುತ್ತಿಗೆ 22 ಸೆಂಟಿಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಎರಡು ಮೀಟರ್. ಹೆಗಲ ಮೇಲಿನ ಟವೆಲ್ ಪೂರ್ತಿ ಸುತ್ತಿಕೊಳ್ಳಲು ಒಂದು ಸೆಕೆಂಡೂ ಬೇಡ. ಐದೂವರೆ ಮೀಟರ್ ಸೀರೆಗೆ ಮೂರು ಸೆಕೆಂಡ್ ಸಾಕು. ಜಡೆಯ ಮಾತಂತೂ ಬೇಡವೇ ಬೇಡ.

ಇನ್ನು ಮನುಷ್ಯನ ವೇಗ. ಇದನ್ನು ಅಳೆಯಲು ಶಾಲೆಯ 30 ಸೆಂಟಿಮೀಟರ್ ಸ್ಕೇಲ್ ಒಂದಿದ್ದರೆ ಸಾಕು. ಒಬ್ಬರು ಸ್ಕೇಲನ್ನು ನೇತುಬಿಡಲಿ, ಇನ್ನೊಬ್ಬರು ಕೆಳತುದಿಯಲ್ಲಿ ಬೆರಳು ಅಗಲಿಸಿಕೊಂಡು ಕಾಯಲಿ, ಬಿಟ್ಟ ಕೂಡಲೇ ಹಿಡಿಯಲಿ. ಚುರುಕಾದವರೂ 20 ಸೆಂಟಿಮೀಟರ್ ಆಸುಪಾಸಿನಲ್ಲಿ ಹಿಡಿಯುತ್ತಾರೆ. ಸ್ಕೇಲು ಅಷ್ಟು ದೂರ ಬೀಳಲು 0.2 ಸೆಕೆಂಡ್ ಬೇಕು. ಅದಕ್ಕೇ ಕಾದು ನಿಂತವನಿಗೇ ಇಷ್ಟು ಹೊತ್ತು. ಅಷ್ಟರಲ್ಲಿ ಶಾಫ್ಟ್ ಎರಡು ಸುತ್ತು ಮುಗಿಸುತ್ತಿರುತ್ತದೆ, 40 ಸೆಂಟಿಮೀಟರ್ ಸೆರಗು ಒಳಗೆ ಹೋಗಿರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬೆಳಗಿನಿಂದ ದುಡಿದು ದಣಿದವರು, ಬೇರೆ ಯಾವುದೋ ಮಾತಿನಲ್ಲಿದ್ದವರು ಬಟ್ಟೆ ಸಿಕ್ಕಿದ್ದು ಗೊತ್ತಾಗಿ ಕೂಗಿ, ಆ ಕೂಗು ಡ್ರೈವರ್ ಕಿವಿಗೆ ಬಿದ್ದು, ಅವನು ಕ್ಲಚ್ ತುಳಿಯುವಷ್ಟರಲ್ಲಿ ಏನಾಗಿರುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಸುರಕ್ಷತೆಯ ತರಬೇತಿ ಕೊಡುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ‘ಜಾಗ್ರತೆಯಿಂದಿರಿ’ ಎಂಬ ಮಾತನ್ನು ಜನ ಹುಟ್ಟಿದಾಗಿನಿಂದ ಕೇಳಿದ್ದಾರೆ, ಅದು ಕಿವಿಯಿಂದ ಒಳಗೆ ಇಳಿಯುವುದಿಲ್ಲ. ಅಪಾಯದ ಅಳತೆ ನಮ್ಮ ಕಣ್ಣಿನ ಅಳತೆಗಿಂತ ಒಂದೋ ತೀರಾ ವೇಗ, ಒಂದೋ ತೀರಾ ಸಣ್ಣದು, ಇಲ್ಲವೇ ತೀರಾ ದೊಡ್ಡದು. ಅದನ್ನು ಕೈಗೆ ಸಿಗುವ ವಸ್ತುವಿನಲ್ಲಿ ತೋರಿಸುವುದೇ ತರಬೇತಿ. ಟ್ರ್ಯಾಕ್ಟರ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ನಿಂತ ಶಾಫ್ಟಿಗೆ ಒಂದು ಹಳೇ ಸೀರೆಯನ್ನು ಕೈಯಿಂದಲೇ ಸುತ್ತಿಸಿ. ಇಪ್ಪತ್ತೈದು ಸುತ್ತಿನಲ್ಲಿ ಸೀರೆ ಮುಗಿಯುತ್ತದೆ. ಸುತ್ತಿದವರ ಕೈಗೆ ಅದು ನೆನಪಿರುತ್ತದೆ. ಓಡುವ ಯಂತ್ರದ ಮುಂದೆ ಮಾತ್ರ ಎಂದೂ ಪ್ರದರ್ಶನ ಬೇಡ.

ಕೈಯಿಂದ ಪೈರು ಉಣಿಸುವ ಒಕ್ಕಣೆ ಯಂತ್ರಗಳಿಗೆ ಭಾರತೀಯ ಮಾನಕ ಬ್ಯೂರೋ ಒಂದು ಅಳತೆ ಕೊಟ್ಟಿದೆ: ಪೈರು ಒಳಗೆ ತಳ್ಳುವ ಬಾಯಿ ಕನಿಷ್ಠ 90 ಸೆಂಟಿಮೀಟರ್ ಉದ್ದವಿರಬೇಕು, ಅದರಲ್ಲಿ 45 ಸೆಂಟಿಮೀಟರ್ ಮುಚ್ಚಿರಬೇಕು. ನಮ್ಮ ತೋಳು 90 ಸೆಂಟಿಮೀಟರ್ ಉದ್ದ ಇರುವುದಿಲ್ಲ; ಕೈ ಎಷ್ಟೇ ಚಾಚಿದರೂ ಒಳಗೆ ತಿರುಗುವ ಡ್ರಮ್ ಮುಟ್ಟಬಾರದೆಂಬ ಲೆಕ್ಕ. ಅಪಾಯಕಾರಿ ಯಂತ್ರಗಳ ಕಾಯ್ದೆಯೆಂದೇ ಸಂಸತ್ತು 1983ರಲ್ಲಿ ಒಂದು ಕಾನೂನು ಮಾಡಿತು, ಅದರ ಕಣ್ಣು ಮುಖ್ಯವಾಗಿ ಈ ಒಕ್ಕಣೆ ಯಂತ್ರಗಳ ಮೇಲೇ ಇತ್ತು. ನಿಮ್ಮೂರಿನ ಮಿಷನ್ನಿನ ಬಾಯಿಗೆ ಒಂದು ಟೇಪು ಹಿಡಿದು ನೋಡಿ.

ತರಬೇತಿಯಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುವ ಪ್ರಶ್ನೆಯೊಂದಿದೆ: “ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಸಾರ್, ಏನೂ ಆಗಿಲ್ಲವಲ್ಲ?” ಆ ಮಾತನ್ನು ಅಲ್ಲಗಳೆಯಬೇಡಿ, ಅದು ನಿಜ. ಬದಲಿಗೆ ಒಂದು ಲೆಕ್ಕ ಹಾಕಿಸಿ. ಒಂದು ಕೆಲಸದಲ್ಲಿ ಹತ್ತು ಸಾವಿರ ದಿನಕ್ಕೊಮ್ಮೆ ಕೈ ಹೋಗುವಂಥ ಅಪಾಯವಿದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ದಿನದ ಹಾಗೆ ಇಪ್ಪತ್ತು ವರ್ಷಕ್ಕೆ 5,000 ದಿನ. ಅಂಥ ನೂರು ಜನರಲ್ಲಿ ಸುಮಾರು 60 ಜನರಿಗೆ ಏನೂ ಆಗಿರುವುದಿಲ್ಲ. ಆ ಅರವತ್ತೂ ಜನ ಎದೆ ತಟ್ಟಿ ಇದೇ ಮಾತು ಹೇಳಬಲ್ಲರು. ಉಳಿದ ನಲವತ್ತು ಜನ ತರಬೇತಿಗೆ ಬಂದು ಕೂತಿರುವುದಿಲ್ಲ. ನನಗೆ ಗೊತ್ತಿರುವ ಲೆಕ್ಕಗಳಲ್ಲಿ ಇದರಷ್ಟು ಮೈ ನಡುಗಿಸುವುದು ಇನ್ನೊಂದಿಲ್ಲ.

ಹಾಗಾದರೆ ಎಚ್ಚರಿಕೆ ಎಲ್ಲಿಂದ ಬರಬೇಕು? ‘ಸ್ವಲ್ಪದರಲ್ಲಿ ತಪ್ಪಿತು’ ಎನ್ನುವ ಗಳಿಗೆಗಳಿಂದ. 1969ರಲ್ಲಿ ಅಮೆರಿಕದ ಫ್ರಾಂಕ್ ಬರ್ಡ್ ಎಂಬ ವಿಮಾ ತಜ್ಞ 297 ಕಂಪನಿಗಳು ವರದಿ ಮಾಡಿದ 17,53,498 ಅವಘಡಗಳನ್ನು ಗುಡ್ಡೆ ಹಾಕಿ ವಿಂಗಡಿಸಿದ. ಒಂದು ದೊಡ್ಡ ಗಾಯಕ್ಕೆ 10 ಸಣ್ಣ ಗಾಯ, 30 ಆಸ್ತಿ ನಷ್ಟ. ಜೊತೆಗೆ ಕೆಲಸಗಾರರನ್ನು ಮಾತನಾಡಿಸಿದಾಗ ಯಾರಿಗೂ ಏನೂ ಆಗದೆ ತಪ್ಪಿಹೋದ 600 ಗಳಿಗೆಗಳು ಸಿಕ್ಕವು. ಎಲ್ಲ ಕೆಲಸಕ್ಕೂ ಇದೇ ಪ್ರಮಾಣ ಎನ್ನುವಂತಿಲ್ಲ, ಕರೆಂಟಿನ ಕೆಲಸದಲ್ಲಿ ಮೊದಲ ತಪ್ಪೇ ಕೊನೆಯದಾಗಬಹುದು. ಆದರೂ ಅಂಕಿಯ ತಿರುಳು ಗಟ್ಟಿ: ದೊಡ್ಡ ಅನಾಹುತ ಬರುವ ಮೊದಲು ನೂರಾರು ಸಲ ಬಾಗಿಲು ಬಡಿದಿರುತ್ತದೆ.

ಆರುನೂರನ್ನು ತೋರಿಸುವುದು ಹೇಗೆ? ಭರಮಸಾಗರದಲ್ಲಿ ಅದಕ್ಕೆ ಚಾರ್ಟ್ ಬೇಡ, ಪ್ರೊಜೆಕ್ಟರ್ ಬೇಡ. ಚೆನ್ನಾಗಿ ಕಾಳು ಕಟ್ಟಿದ ಒಂದು ಮೆಕ್ಕೆಜೋಳದ ತೆನೆಯಲ್ಲಿ ಐದುನೂರರಿಂದ ಆರುನೂರು ಕಾಳು ಇರುತ್ತವೆ. ಒಬ್ಬೊಬ್ಬರ ಕೈಗೆ ಒಂದೊಂದು ತೆನೆ ಕೊಡಿ. ಈ ಹಂಗಾಮಿನಲ್ಲಿ ಕಾಲು ಜಾರಿದ್ದು, ಟವೆಲ್ ತಾಗಿ ಹಿಂದಕ್ಕೆ ಎಳೆದುಕೊಂಡದ್ದು, ಟ್ರೈಲರ್ ಹಿಂದಕ್ಕೆ ಬಂದಾಗ ಮಗು ಪಕ್ಕಕ್ಕೆ ಹಾರಿದ್ದು, ಒಂದೊಂದನ್ನೂ ನೆನೆಸಿಕೊಂಡು ಒಂದೊಂದು ಕಾಳು ಬಿಡಿಸಿ ಡಬ್ಬಿಗೆ ಹಾಕಲಿ. ಯಾರ ಹೆಸರೂ ಬೇಡ, ಯಾರನ್ನೂ ಬೈಯುವುದು ಬೇಡ. ಕಾಳು ಹಾಕಿದವನ ಕೂಲಿ ಕತ್ತರಿಸಿದರೆ ಮರುದಿನದಿಂದ ಡಬ್ಬಿ ಖಾಲಿ, ಅಪಾಯ ಮಾತ್ರ ಅಲ್ಲೇ. ಡಬ್ಬಿ ತುಂಬುತ್ತ ಬಂದ ಹಾಗೆ ತೆನೆಯ ಮೇಲೆ ಬೋಳು ಸಾಲುಗಳು ಕಾಣುತ್ತವೆ. ಅದನ್ನು ನೋಡಿದ ಮೇಲೆ ಮಾಲೀಕರೂ ಸುಮ್ಮನೆ ಕೂರಲಾರರು.

ಕಣ್ಣಳತೆ ಮೋಸ ಮಾಡುವುದು ಒಕ್ಕಣೆಯಲ್ಲಷ್ಟೇ ಅಲ್ಲ. ಚಿತ್ರದುರ್ಗದ ಸುತ್ತಿನ ಗುಡ್ಡಗಳ ಗಾಳಿಯಂತ್ರಗಳನ್ನು ಹೆದ್ದಾರಿಯಿಂದ ನೋಡಿದರೆ ರೆಕ್ಕೆಗಳು ಸಾವಕಾಶವಾಗಿ ತಿರುಗಿದಂತೆ ಕಾಣುತ್ತದೆ. 80 ಮೀಟರ್ ವ್ಯಾಸದ ರೆಕ್ಕೆಗಳು ನಿಮಿಷಕ್ಕೆ 18 ಸುತ್ತು ತಿರುಗಿದರೆ ತುದಿಯ ವೇಗ ಗಂಟೆಗೆ 270 ಕಿಲೋಮೀಟರ್. 80 ಮೀಟರ್ ಗೋಪುರದ ಮೇಲಿಂದ ಅರ್ಧ ಕಿಲೋ ಸ್ಪ್ಯಾನರ್ ಕೈಜಾರಿದರೆ ನಾಲ್ಕು ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತದೆ. ಆ ಹೊತ್ತಿಗೆ ಅದರ ಹೊಡೆತ 50 ಕಿಲೋ ಸಿಮೆಂಟ್ ಚೀಲ 80 ಸೆಂಟಿಮೀಟರ್ ಮೇಲಿಂದ ಬಿದ್ದಷ್ಟು. ಸ್ಪ್ಯಾನರಿಗೆ ಹಗ್ಗ ಕಟ್ಟಿಕೊಳ್ಳುವುದು ಯಾಕೆ ಎಂದು ಕೇಳುವ ಹುಡುಗನಿಗೆ ಆ ಚೀಲವನ್ನು ಒಮ್ಮೆ ಎತ್ತಿಸಿ.

ಕರೆಂಟಿನ ಲೆಕ್ಕ ಇನ್ನೂ ವಿಚಿತ್ರ, ಇಲ್ಲಿ ಸಣ್ಣದೇ ಭಯಂಕರ. 9 ವಾಟಿನ ಎಲ್‌ಇಡಿ ಬಲ್ಬ್ ಉರಿಯಲು ಬೇಕಾದ ಕರೆಂಟ್ ಸುಮಾರು 40 ಮಿಲಿ ಆಂಪಿಯರ್. ಜೀವ ಉಳಿಸಲೆಂದು ಕೂರಿಸುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೇ ಲೈನ್ ಕಡಿಯುತ್ತದೆ, ಏಕೆಂದರೆ ಅದಕ್ಕಿಂತ ಹೆಚ್ಚು ಎದೆಯ ಮೂಲಕ ಹರಿದರೆ ಹೃದಯದ ಬಡಿತ ತಪ್ಪಬಹುದು. ಬೋರ್‌ವೆಲ್ ಸ್ಟಾರ್ಟರಿನ 15 ಆಂಪಿಯರ್ ಫ್ಯೂಸ್ ಇದರ 500 ಪಟ್ಟು. ಫ್ಯೂಸ್ ಇರುವುದು ವೈರು ಸುಡದಿರಲಿ ಎಂದು. ಫ್ಯೂಸ್ ಇದೆಯೆಂದು ಒದ್ದೆ ಕೈಯಲ್ಲಿ ಪೆಟ್ಟಿಗೆ ಮುಟ್ಟುವ ರೈತನನ್ನು ಅದು ಕಾಯುವುದಿಲ್ಲ. ಹಿರಿಯೂರಿನಿಂದ ಹೊಳಲ್ಕೆರೆವರೆಗೆ ಬೋರು ಇಲ್ಲದ ತೋಟವೇ ಇಲ್ಲವೆನ್ನಬೇಕು. ಈ ಒಂದು ಮಾತು ಅಲ್ಲೆಲ್ಲ ತಲುಪಬೇಕು.

ಧೂಳಿಗೆ ಬರೋಣ. ಕಲ್ಲು ಕ್ರಷರಿನಲ್ಲಿ ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ತಳ ಸೇರುವುದು ಕಾಣದ್ದು. ಒಂದು ಘನ ಮೀಟರ್ ಗಾಳಿಯಲ್ಲಿ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು ಸಿಲಿಕಾ ಇದ್ದರೆ ಮೈಮುರಿದು ದುಡಿಯುವವನು ಎಂಟು ಗಂಟೆಯಲ್ಲಿ ಹತ್ತು ಘನ ಮೀಟರ್ ಉಸಿರಾಡಿ ಒಂದು ಮಿಲಿಗ್ರಾಂ ಒಳಗೆಳೆಯುತ್ತಾನೆ. ಎರಡು ಮೈಕ್ರಾನ್ ಗಾತ್ರದ ಕಣಗಳಾದರೆ ಆ ಒಂದು ಮಿಲಿಗ್ರಾಮಿನಲ್ಲಿ ಸುಮಾರು ಒಂಬತ್ತು ಕೋಟಿ ಕಣ. ದಿನಕ್ಕೆ ಒಂಬತ್ತು ಕೋಟಿ! ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ಧೂಳಿನಿಂದಲೇ ಬರುವ ಸಿಲಿಕೋಸಿಸ್ ರೋಗವಿತ್ತು. ಈ ರೋಗವನ್ನು ಗುಣಪಡಿಸುವ ಮದ್ದು ಇವತ್ತಿಗೂ ಇಲ್ಲ. ಇರುವ ಮದ್ದು ಮುಂಚೆಯೇ ಹಾಕಬೇಕಾದದ್ದು: ಕಲ್ಲಿನ ಮೇಲೆ ನೀರು ಚಿಮುಕಿಸುವುದು, ಯಂತ್ರ ಮುಚ್ಚುವುದು, ಸರಿಯಾದ ಮಾಸ್ಕ್. ಮುಖಕ್ಕೆ ಸುತ್ತಿದ ಟವೆಲ್ ಈ ಕಣಗಳಿಗೆ ತೆರೆದ ಬಾಗಿಲು.

ಇಡೀ ಜಗತ್ತಿನ ಮೊತ್ತ ಹೇಳಿಬಿಡುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ 2019ರ ಒಂದೇ ವರ್ಷದಲ್ಲಿ ಕೆಲಸದ ಕಾರಣಕ್ಕೆ ಸತ್ತವರು 29.3 ಲಕ್ಷ. ಹೋಲಿಸಿ ನೋಡಲು, 2011ರ ಜನಗಣತಿಯಲ್ಲಿ ಇಡೀ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16.6 ಲಕ್ಷ. ಆ ಸತ್ತವರಲ್ಲಿ ಅಪಘಾತಕ್ಕೆ ಬಲಿಯಾದವರು 3.3 ಲಕ್ಷ, ಮಿಕ್ಕ 26 ಲಕ್ಷ ಜನ ಧೂಳು, ರಾಸಾಯನಿಕ, ವಿಪರೀತ ದುಡಿಮೆಯಂಥ ಕಾರಣಗಳಿಂದ ಬಂದ ಕಾಯಿಲೆಗಳಿಗೆ ಸತ್ತವರು. ನೀವು ಒಂದು ಗಂಟೆ ತರಬೇತಿ ಕೊಟ್ಟು ಮುಗಿಸುವಷ್ಟರಲ್ಲಿ ಭೂಮಿಯ ಮೇಲೆ 334 ಜನ.

ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದು 1966ರ ಮಾರ್ಚ್ 4ರಂದು. ಅದಕ್ಕೇ ಪ್ರತಿವರ್ಷ ಆ ದಿನ ಕಾರ್ಖಾನೆಗಳಲ್ಲಿ ಬ್ಯಾಡ್ಜ್ ಕಟ್ಟಿ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ಮಾರ್ಚ್ ಹೊತ್ತಿಗೆ ನಮ್ಮ ಮುಂಗಾರಿನ ಮೆಕ್ಕೆಜೋಳ ಒಕ್ಕಣೆಯಾಗಿ ಮಾರಾಟವೂ ಆಗಿರುತ್ತದೆ. ಇಲ್ಲಿಗೆ ಸುರಕ್ಷತಾ ದಿನ ಬೇಕಾದದ್ದು ತೆನೆ ಮುರಿಯುವ ಮುಂಚೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಊರೂರಲ್ಲಿ ಸಹಕಾರ ಸಂಘಗಳಿವೆ, ಶಾಲೆಗಳಲ್ಲಿ ಸ್ಕೇಲುಗಳಿವೆ. ಪಂಚಾಯಿತಿಯವರೇ, ಮಿಷನ್ ಮಾಲೀಕರೇ, ಈ ಸಲ ಒಕ್ಕಣೆಗೆ ಮುಂಚೆ ಅರ್ಧ ಗಂಟೆ ಕೂಲಿಯವರನ್ನೆಲ್ಲ ಕೂರಿಸಿ, ಆ ಅರ್ಧ ಗಂಟೆಗೂ ಕೂಲಿ ಕೊಡಿ. ಅದಕ್ಕೂ ಮೊದಲು ಪಿಟಿಒ ಶಾಫ್ಟಿಗೆ ಕವಚ ಹಾಕಿಸಿ.