ದ್ರಾಕ್ಷಿಯ ನಾಡಿಗೆ ಮಿತವ್ಯಯದ ಪ್ರವಾಸ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ರಜೆಯೆಂದರೆ ಸಾಮಾನ್ಯವಾಗಿ ಊರು. ಬೇಸಿಗೆಯಲ್ಲೊಮ್ಮೆ, ದೀಪಾವಳಿಗೊಮ್ಮೆ ಧಾರವಾಡ, ವಿಜಯಪುರ, ಕಲಬುರ್ಗಿಗಳ ಬಸ್ಸು ಹತ್ತಿ ಬಂದರೆ ವರ್ಷದ ಪ್ರವಾಸದ ಖಾತೆ ಮುಗಿದಂತೆಯೇ. ಆದರೆ ಇತ್ತೀಚೆಗೆ ಕಚೇರಿಯ ಸಹೋದ್ಯೋಗಿಗಳ ಬಾಯಲ್ಲಿ ಇನ್ನೊಂದು ಹೆಸರು ಕೇಳಿಬರುತ್ತಿದೆ: ನಾಸಿಕದ ವೈನ್ ತೋಟಗಳು. ‘ನಾವೂ ಹೋಗಿಬರೋಣ’ ಎಂದು ಮನೆಯಲ್ಲಿ ಮಾತೆದ್ದ ಕೂಡಲೇ ಎರಡು ಆಕ್ಷೇಪಣೆಗಳೂ ಏಳುತ್ತವೆ. ಅದು ಸಿರಿವಂತರ ಶೋಕಿ ಎಂಬುದು ಒಂದು. ಕುಡಿಯುವ ಜಾಗಕ್ಕೆ ಸಂಸಾರಸಮೇತ ಹೋಗುವುದುಂಟೆ ಎಂಬುದು ಹಿರಿಯರದು. ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಂಡು ಹೊರಟರೆ ಎರಡಕ್ಕೂ ಉತ್ತರವುಂಟು.

ನಾಸಿಕ ಪುಣೆಯಿಂದ ಸುಮಾರು 210 ಕಿಲೋಮೀಟರ್ ದೂರ. ಚಾಕಣ, ರಾಜಗುರುನಗರ, ಮಂಚರ, ನಾರಾಯಣಗಾಂವ, ಸಂಗಮನೇರ, ಸಿನ್ನರಗಳ ಮೂಲಕ ದಾರಿ. ಈ ನಾರಾಯಣಗಾಂವವೇ ಮಹಾರಾಷ್ಟ್ರದ ವೈನ್ ಚರಿತ್ರೆಯ ಮೊದಲ ಪುಟ. 1980ರ ದಶಕದಲ್ಲಿ ಶ್ಯಾಮರಾವ್ ಚೌಗುಲೆಯವರ ಇಂಡಾಜ್ ಸಂಸ್ಥೆ ನೊರೆಯುಕ್ಕುವ ವೈನನ್ನು ತಯಾರಿಸಿ ಪರದೇಶಗಳಿಗೆ ಕಳುಹಿಸಿದ್ದು ಇಲ್ಲಿಂದಲೇ. ಆ ಉದ್ಯಮ ಮುಂದೆ ಸಾಲದ ಹೊರೆಯಲ್ಲಿ ಕುಸಿಯಿತು. ಅಷ್ಟರಲ್ಲಿ ನಾಸಿಕದಲ್ಲಿ ಹೊಸ ಅಧ್ಯಾಯ ತೆರೆದಿತ್ತು. ಅಮೆರಿಕದಲ್ಲಿ ಓದಿ, ಅಲ್ಲಿಯ ನೌಕರಿ ಬಿಟ್ಟು ಬಂದ ರಾಜೀವ್ ಸಾಮಂತ್ ಕುಟುಂಬದ ಜಮೀನಿನಲ್ಲಿ ವೈನಿನ ದ್ರಾಕ್ಷಿ ಬೆಳೆದರು. ಅವರ ಸುಲಾ ಸಂಸ್ಥೆಯ ಮೊದಲ ವೈನ್ 2000ರಲ್ಲಿ ಹೊರಬಂತು. ಮರುವರ್ಷವೇ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆಯ ನೀತಿಯನ್ನು ಪ್ರಕಟಿಸಿ ಅಬಕಾರಿ ಸುಂಕದ ವಿನಾಯಿತಿ ಕೊಟ್ಟಿತು. ಗಂಗಾಪುರ ಅಣೆಕಟ್ಟಿನ ಆಸುಪಾಸಿನಲ್ಲಿಯೂ ದಿಂಡೋರಿಯ ಕಡೆಗೂ ವೈನರಿಗಳು ಹುಟ್ಟಿಕೊಂಡವು. ಕನ್ನಡನಾಡಿಗೂ ಇದು ಅಪರಿಚಿತವಲ್ಲ. ನಂದಿಬೆಟ್ಟದ ಬಳಿ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಗ್ರೋವರ್ ಕುಟುಂಬದವರು 1980ರ ದಶಕದಲ್ಲಿಯೇ ಫ್ರಾನ್ಸಿನ ತಳಿಗಳನ್ನು ನೆಟ್ಟಿದ್ದರು.

ಯಾವಾಗ ಹೋಗಬೇಕು? ಇಲ್ಲಿ ದ್ರಾಕ್ಷಿಬಳ್ಳಿಗೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಸುಮಾರಿಗೆ ಮತ್ತು ಅಕ್ಟೋಬರ್ ಸುಮಾರಿಗೆ, ಚಾಟಣಿ ಆಗುತ್ತದೆ. ಚಾಟಣಿಯ ಬೆನ್ನಿಗೇ ಹೋದವರಿಗೆ ಕಾಣುವುದು ಬೋಳು ಕೊಂಬೆಗಳು ಮಾತ್ರ. ಗೊಂಚಲು ತೂಗುವುದನ್ನೂ ಕೊಯ್ಲನ್ನೂ ನೋಡಬೇಕಾದರೆ ಜನವರಿಯ ಕೊನೆಯಿಂದ ಮಾರ್ಚಿಯ ಮೊದಲವರೆಗಿನ ಕಾಲವೇ ತಕ್ಕದ್ದು. ಅದರಲ್ಲಿಯೂ ವಾರದ ನಡುವೆ ಎರಡು ದಿನ ರಜೆ ಹಾಕುವುದು ಜಾಣತನ. ಶನಿವಾರ ಭಾನುವಾರಗಳಲ್ಲಿ ಮುಂಬಯಿಯ ಜನಸಾಗರ ಅಲ್ಲಿರುತ್ತದೆ, ಕೋಣೆಯ ಬಾಡಿಗೆಯೂ ಏರಿರುತ್ತದೆ. ಮಹಾಶಿವರಾತ್ರಿಯ ಸುತ್ತಿನ ದಿನಗಳಲ್ಲಿ ತ್ರ್ಯಂಬಕೇಶ್ವರದ ಯಾತ್ರಿಕರಿಂದ ಊರು ತುಂಬಿರುತ್ತದೆ. ರಜೆ ಸಿಕ್ಕಿತೆಂದು ಜನವರಿ 26ರಂದೇ ಹೊರಟರೆ ಇನ್ನೊಂದು ತೊಡಕು: ಅಂದು ಮದ್ಯಮಾರಾಟ ನಿಷಿದ್ಧ.

ಇನ್ನು ಹಣದ ಮಾತು. ಸಾಲ ಮಾಡಿ ತುಪ್ಪ ತಿನ್ನುವುದನ್ನು ಈಗ ‘ಸುಲಭ ಕಂತು’ ಎನ್ನುತ್ತಾರೆ. ಎರಡು ದಿನದ ವಿಹಾರಕ್ಕೆ ವರ್ಷದ ಬಡ್ಡಿ ಕಟ್ಟುವುದಕ್ಕಿಂತ, ಆರ್.ಡಿ. ಎಂದು ಕರೆಯುವ ಠೇವಣಿಯಲ್ಲಿ ತಿಂಗಳಿಗೆ ಒಂದು ಸಾವಿರದಂತೆ ಈ ಫೆಬ್ರುವರಿಯಿಂದ ಕಟ್ಟುತ್ತ ಹೋದರೆ ಮುಂದಿನ ಫೆಬ್ರುವರಿಗೆ ಹನ್ನೆರಡು ಸಾವಿರವೂ ಅದರ ಬಡ್ಡಿಯೂ ಕೈಗೆ ಬರುತ್ತವೆ. ಆ ಮೊತ್ತವೇ ಪ್ರವಾಸದ ಗಡಿ.

ಕೊಥ್ರೂಡದಲ್ಲಿ ಮನೆಮಾಡಿದ ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ: ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಹೊಲ ಮಾರಿ ಮಗನ ಜೊತೆಗೇ ಬಂದು ನೆಲೆಸಿದ 76 ವರ್ಷದ ತಂದೆ, 70ರ ತಾಯಿ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 75 ದಾಟಿದವರಿಗೆ 2022ರಿಂದ ಪ್ರಯಾಣ ಉಚಿತ. 2023ರ ಮಾರ್ಚಿಯಿಂದ ಎಲ್ಲ ಮಹಿಳೆಯರಿಗೂ ಅರ್ಧ ದರ. ಅಂದರೆ ಗಂಡನದು ಒಂದು ಟಿಕೆಟ್ಟು, ಹೆಂಡತಿ, ತಾಯಿ, ಮಗಳು ಮೂವರದೂ ಅರ್ಧರ್ಧ, ತಂದೆಯದು ಇಲ್ಲ. ಐವರ ಪ್ರಯಾಣ ಎರಡೂವರೆ ಟಿಕೆಟ್ಟಿನಲ್ಲಿ ಮುಗಿಯಿತು. ಆಧಾರ್ ಕಾರ್ಡನ್ನು ಮರೆಯಬಾರದು, ಅಷ್ಟೆ. ಸ್ವಂತ ಕಾರಿನಲ್ಲಿ ಹೋದರೆ? ಹೋಗಿಬರಲು 420, ಅಲ್ಲಿಯ ಓಡಾಟಕ್ಕೆ 80, ಒಟ್ಟು 500 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್, 105 ರೂಪಾಯಿ ಎಂದು ಹಿಡಿದರೆ ಪೆಟ್ರೋಲಿಗೇ 3,500 ರೂಪಾಯಿ, ಟೋಲ್ ಬೇರೆ. ಅದಕ್ಕಿಂತ ದೊಡ್ಡ ಮಾತೆಂದರೆ, ಕಾರು ನಡೆಸುವವನು ಒಂದು ಗುಟುಕನ್ನೂ ಮುಟ್ಟಕೂಡದು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶ ಸಿಕ್ಕರೆ, 2019ರ ತಿದ್ದುಪಡಿಯ ಮೇರೆಗೆ ಮೊದಲ ಅಪರಾಧಕ್ಕೇ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ವರ್ಷವಿಡೀ ಕೂಡಿಟ್ಟ ಹಣ ಒಂದು ರಶೀದಿಯಲ್ಲಿ ಹೋದೀತು.

ವಸತಿಯನ್ನು ತೋಟಗಳ ರೆಸಾರ್ಟಿನಲ್ಲಿ ಹೂಡದೆ ನಾಸಿಕ ನಗರದಲ್ಲಿಯೇ ಹೂಡುವುದು ಲೇಸು. ಪಂಚವಟಿಯ ಸುತ್ತ ಧರ್ಮಶಾಲೆಗಳೂ ಸಾಧಾರಣ ಲಾಡ್ಜುಗಳೂ ಇವೆ. ರಾಮಕುಂಡ, 1930ರಲ್ಲಿ ಅಂಬೇಡ್ಕರರು ದೇವಾಲಯ ಪ್ರವೇಶದ ಸತ್ಯಾಗ್ರಹ ಹೂಡಿದ ಕಾಳಾರಾಮ ಮಂದಿರ, ಶಾತವಾಹನರ ಶಾಸನಗಳುಳ್ಳ ಪಾಂಡವ ಲೇಣಿಯ ಗುಹೆಗಳು, ಇವಕ್ಕೆ ಹೆಚ್ಚು ಹಣ ಬೇಕಿಲ್ಲ. ಬೆಳಗಿನ ಹೊಟ್ಟೆಗೆ ಊರಿನ ಹೆಸರಾಂತ ಮಿಸಳವಿದೆ. ಗಂಗಾಪುರ ರಸ್ತೆಯ ತೋಟಗಳು ನಗರದಿಂದ ಹತ್ತು ಹನ್ನೆರಡು ಕಿಲೋಮೀಟರ್ ಮಾತ್ರ. ಆದರೆ ರಿಕ್ಷಾವನ್ನು ಹೋಗಿಬರುವುದಕ್ಕೆಂದೇ ಗೊತ್ತುಮಾಡಿಕೊಳ್ಳಬೇಕು. ಸಂಜೆ ತೋಟದ ಬಾಗಿಲಲ್ಲಿ ನಿಂತು ವಾಹನ ಹುಡುಕುವವನು ಕೇಳಿದಷ್ಟು ಕೊಡಬೇಕಾಗುತ್ತದೆ.

ತೋಟದಲ್ಲಿ ನೋಡಬೇಕಾದದ್ದು ಏನು? ಉದಾಹರಣೆಯ ತಂದೆಯವರು ವಿಜಯಪುರದ ತಿಕೋಟೆಯ ಕಡೆಯವರೆಂದು ಭಾವಿಸಿದರೆ ಉತ್ತರ ಅವರಿಂದಲೇ ಬರುತ್ತದೆ. ತಿನ್ನುವ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸಿ, ನಾಲ್ಕು ಕಿಲೋ ಹಣ್ಣನ್ನು ಒಣಗಿಸಿ ಒಂದು ಕಿಲೋ ಒಣದ್ರಾಕ್ಷಿ ಮಾಡಿ ಬಲ್ಲವರು ಅವರು. ಇಲ್ಲಿ ಬಳ್ಳಿ ತಂತಿಬೇಲಿಯಂತೆ ಸಾಲಾಗಿ ನೇರ ನಿಂತಿದೆ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಒಂದು ಬಾಟಲಿಗೆ ಕಿಲೋಗಿಂತ ತುಸು ಹೆಚ್ಚೇ ಹಣ್ಣು ಬೇಕು. ಸಿಪ್ಪೆಯೊಡನೆ ಹುಳಿಯಿಸಿದರೆ ಕೆಂಪು ವೈನು, ರಸವನ್ನಷ್ಟೇ ಹುಳಿಯಿಸಿದರೆ ಬಿಳಿಯದು. ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆಯೋ ಆಲಿಕಲ್ಲೋ ಬಿದ್ದರೆ ಏನಾಗುತ್ತದೆಂಬುದನ್ನು ಆ ಹಿರಿಯರಿಗೆ ಯಾವ ಗೈಡನೂ ಹೇಳಿಕೊಡಬೇಕಾಗಿಲ್ಲ. ಹನಿ ಮುಟ್ಟದೆಯೂ ಅಂದಿನ ದಿನದ ಪೂರ್ಣ ಮೌಲ್ಯ ಪಡೆಯುವವರು ಅವರೇ. ಪ್ರವೇಶದ ಶುಲ್ಕವೂ ರುಚಿ ನೋಡುವ ಶುಲ್ಕವೂ ಬೇರೆಯೇ ಎಂಬುದನ್ನು ದೂರವಾಣಿಯಲ್ಲಿ ಮೊದಲೇ ಕೇಳಿಕೊಂಡರೆ, ಕುಡಿಯದವರ ಹೆಸರಿನಲ್ಲಿ ಹಣ ಪೋಲಾಗದು.

ರುಚಿ ನೋಡುವ ಕೋಣೆಯಲ್ಲಿ ಹನಿಗೂಡಿ ಹಳ್ಳವಾಗುತ್ತದೆ. ಐದು ಬಗೆಯನ್ನು ತಲಾ 30 ಮಿಲಿಲೀಟರಿನಂತೆ ಕೊಟ್ಟರೆ 150 ಆಯಿತು, ಅಂದರೆ ತುಂಬಿದ ಒಂದು ಗ್ಲಾಸು. ಅದರಲ್ಲಿ ಸುಮಾರು 15 ಗ್ರಾಂ ಮದ್ಯಸಾರವಿರುತ್ತದೆ. ಬಾಯಿಗೆ ಹಾಕಿ, ರುಚಿ ಗ್ರಹಿಸಿ, ಉಗುಳಿಬಿಡುವುದು ಆ ಕಸುಬಿನವರ ಪದ್ಧತಿಯೇ, ಅದರಲ್ಲಿ ನಾಚಿಕೆಯಿಲ್ಲ.

‘ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು, ನೀವೂ ಸ್ವಲ್ಪ ತೆಗೆದುಕೊಳ್ಳಿ’ ಎಂದು ಹಿರಿಯರನ್ನು ಒತ್ತಾಯಿಸುವವರು ಇಂಥಲ್ಲಿ ಸಿಕ್ಕೇ ಸಿಗುತ್ತಾರೆ. ಫ್ರೆಂಚರ ಹೃದಯದ ಕುರಿತ ಆ ಮಾತು 1990ರ ದಶಕದ ಆರಂಭದಲ್ಲಿ ಹಬ್ಬಿದ್ದು. ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದು ಬೇರೆ: ಆರೋಗ್ಯಕ್ಕೆ ನಿರಪಾಯಕರವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡಿನಂಥ ಮಾತ್ರೆ ನುಂಗುವವರಿಗೆ ಅಪಾಯ ಇನ್ನೂ ಹತ್ತಿರದ್ದು. ಮದ್ಯವು ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನು ತಡೆಯುತ್ತದೆ. ಹಸಿದ ಹೊಟ್ಟೆಯಲ್ಲಿ ಕುಡಿದರೆ ಕೆಲವು ಗಂಟೆಗಳ ಮೇಲೆಯೂ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ತೊದಲು, ತೂಕಡಿಕೆ ಕಂಡರೆ ಪಕ್ಕದವರು ಅಮಲೆಂದುಕೊಂಡು ನಗುತ್ತ ಕೂರುತ್ತಾರೆ, ಅಲ್ಲಿಯೇ ಅನಾಹುತ. ಎಚ್ಚರವಿದ್ದು ನುಂಗಲು ಬರುವಂತಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು, ಇಲ್ಲವಾದರೆ ಆಸ್ಪತ್ರೆಗೆ ಒಯ್ಯಬೇಕು. ರಕ್ತ ತಿಳಿಯಾಗಿಸುವ ಮಾತ್ರೆ, ನಿದ್ರೆಯ ಮಾತ್ರೆ ತೆಗೆದುಕೊಳ್ಳುವವರೂ ಗರ್ಭಿಣಿಯರೂ ದೂರವಿರಬೇಕು.

ಕಡೆಯ ಖರ್ಚು ಹೊರಬಾಗಿಲ ಅಂಗಡಿಯದು. ಒಂದು ಬಾಟಲಿಯೆಂದು ಮನೆಯಲ್ಲಿ ನಿಶ್ಚಯಿಸಿದ್ದರೆ ಒಂದೇ. ಬೆಳಗಾವಿಯ ಬಂಧುಗಳಿಗೆಂದು ಎರಡು ಹೆಚ್ಚು ಕೊಳ್ಳುವ ಮೊದಲು, ಅಬಕಾರಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆಯೆಂಬುದನ್ನು ನೆನೆಯಬೇಕು. ಬಂಧುಗಳಿಗೆ ಒಯ್ಯಲು ಮಾರುಕಟ್ಟೆಯಲ್ಲಿ ದ್ರಾಕ್ಷಿಯ ಪೆಟ್ಟಿಗೆಗಳಿವೆ. ಬಳ್ಳಿಗೆ ಔಷಧ ಸಿಂಪಡಿಸಿರುತ್ತಾರಾದ್ದರಿಂದ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ತಿನ್ನುವುದು. ತಂದೆಯವರ ಪಾಲಿಗೆ ಹತ್ತು ಹನ್ನೆರಡು ಹಣ್ಣು ಸಾಕು.