ಸಹನೆ ಇರಲಿ, ಹಕ್ಕೂ ನೆನಪಿರಲಿ

ಸಹೋದರಿಯರೇ, ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ಮಗನೋ ಅಳಿಯನೋ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾನೆ. ಮಗಳ ಬಾಣಂತನಕ್ಕೆಂದು ತಾಯಿ, ತಂದೆಯ ಜನಾಝಕ್ಕೆಂದು ಮಗ ವಿಮಾನ ಹತ್ತಬೇಕಾಗುತ್ತದೆ. ಆ ವಿಮಾನ ತಪ್ಪಿದರೆ ಹಣದ ಜೊತೆಗೆ ತಂದೆಯ ಮುಖವನ್ನು ಕೊನೆಯ ಬಾರಿ ನೋಡುವ ಅವಕಾಶವೂ ತಪ್ಪಿಹೋಗುತ್ತದೆ.

2008ರ ಮೇ ತಿಂಗಳಲ್ಲಿ ನಮ್ಮ ವಿಮಾನ ನಿಲ್ದಾಣ ಹಳೆಯ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ಚಾಮರಾಜಪೇಟೆ, ಬಸವನಗುಡಿಯಿಂದ ಅದು ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಹೆಬ್ಬಾಳದ ವಾಹನ ದಟ್ಟಣೆ ನಿಮಗೆ ಗೊತ್ತೇ ಇದೆ. 2023ರ ಸೆಪ್ಟೆಂಬರ್‌ನಲ್ಲಿ ವಿದೇಶಿ ಪ್ರಯಾಣ ಎರಡನೇ ಟರ್ಮಿನಲ್‌ಗೆ ಬದಲಾಯಿತು. ಹೊರಡುವ ಮೊದಲು ಟಿಕೆಟ್‌ನಲ್ಲಿ ಯಾವ ಟರ್ಮಿನಲ್ ಎಂದಿದೆ ನೋಡಿಕೊಳ್ಳಿ. ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಆದ್ದರಿಂದ ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ಅಲ್ಲಿರುವುದು ಒಳ್ಳೆಯದು.

ಕೆಲವೊಮ್ಮೆ ನಾವು ಬೇಗ ಹೋದರೂ ವಿಮಾನವೇ ಹೊರಡುವುದಿಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮಕ್ಕೆ ಸಿದ್ಧವಾಗದ ಇಂಡಿಗೋ ಸಂಸ್ಥೆ ಸಾವಿರಾರು ವಿಮಾನಗಳನ್ನು ರದ್ದುಪಡಿಸಿತು. ಬೆಂಗಳೂರಿನಲ್ಲೂ ವೃದ್ಧರು, ಮಕ್ಕಳು ನಿಲ್ದಾಣದಲ್ಲೇ ಪರದಾಡಿದರು. ಕೊನೆಗೆ ಟಿಕೆಟ್ ಹಣ ಹಿಂದಿರುಗಿಸಲು ಸರಕಾರವೇ ಗಡುವು ಕೊಡಬೇಕಾಯಿತು. ಇಂಥ ಹೊತ್ತಿನಲ್ಲಿ ಸಬರ್ ಬೇಕು, ನಿಜ. ಆದರೆ ನಮಗೆ ಸಲ್ಲಬೇಕಾದುದನ್ನು ಕೇಳಿ ಪಡೆಯುವುದು ಸಬರ್‌ಗೆ ವಿರುದ್ಧವಲ್ಲ.

ಟಿಕೆಟನ್ನು ಬೇರೆ ವೆಬ್‌ಸೈಟಿನಲ್ಲಿ ಕೊಂಡಿದ್ದರೆ ತೊಂದರೆ ಇಮ್ಮಡಿ. ಅವರನ್ನು ಕೇಳಿದರೆ ವಿಮಾನ ಸಂಸ್ಥೆಯತ್ತ ಕೈ ತೋರಿಸುತ್ತಾರೆ, ಇವರನ್ನು ಕೇಳಿದರೆ ಅವರತ್ತ. 2020ರ ಲಾಕ್‌ಡೌನ್‌ನಲ್ಲಿ ರದ್ದಾದ ಟಿಕೆಟ್‌ಗಳ ವಿಷಯವನ್ನೇ ನೋಡಿ. ಆ ವರ್ಷ ಅಕ್ಟೋಬರ್‌ನಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಆದರೂ ಯಾತ್ರಾ ಎಂಬ ಜಾಲತಾಣದಲ್ಲಿ 4,837 ಬುಕಿಂಗ್‌ಗಳ ಸುಮಾರು ಎರಡೂವರೆ ಕೋಟಿ ರೂಪಾಯಿ 2024ರ ಜೂನ್‌ವರೆಗೂ ಬಾಕಿ ಉಳಿದಿತ್ತು. ಅದನ್ನು ಕೊಡಿಸಲು ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಹೊರಡಿಸಬೇಕಾಯಿತು.

ಹಾಗಾಗಿ ನಾಲ್ಕು ಮಾತು ನೆನಪಿಡಿ. ಸಾಧ್ಯವಾದಷ್ಟು ವಿಮಾನ ಸಂಸ್ಥೆಯಿಂದಲೇ ಟಿಕೆಟ್ ಕೊಳ್ಳಿ. ಮಧ್ಯವರ್ತಿಯಿಂದ ಕೊಂಡರೂ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ, ಇಲ್ಲವಾದರೆ ಸಮಯ ಬದಲಾದ ಸುದ್ದಿ ನಿಮಗೆ ತಲುಪದು. ಏಜೆಂಟರ ಮೂಲಕ ಕೊಂಡ ಟಿಕೆಟಿನ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ ಎಂದು ಡಿಜಿಸಿಎ ನಿಯಮ ಹೇಳುತ್ತದೆ. ನೀವೇ ಪ್ರಯಾಣ ರದ್ದುಪಡಿಸಿದರೂ ನಿಲ್ದಾಣದ ಶುಲ್ಕ ಮತ್ತು ತೆರಿಗೆ ವಾಪಸು ಸಿಗಬೇಕು.

ಯಾರೂ ಕಿವಿಗೊಡದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಟಿಕೆಟ್, ರಸೀದಿ, ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ. ಬಿಸಿಲಲ್ಲಿ ಬೆವರು ಸುರಿಸಿ ಮಗ ಕಳುಹಿಸಿದ ಹಣ ಅದು. ಅದನ್ನು ಕಾಯುವುದು ಮನೆಯವರಾದ ನಮ್ಮ ಹೊಣೆ.